ಕೇಪರ್ ಎಂಬ ಹೂವಿನ ಮಿಡಿ: ಕೊಳ್ಳುವುದರಿಂದ ಭರಣಿಗೆ ಹಾಕುವವರೆಗೆ

ಹೋದ ವರ್ಷ ಅಕ್ಕನ ಮಗಳು ಬೆಂಗಳೂರಿನಿಂದ ತೀರ್ಥಹಳ್ಳಿಗೆ ಬರುವಾಗ ಬೆರಳುದ್ದದ ಒಂದು ಬಾಟಲಿ ತಂದಿದ್ದಳು. ಒಳಗೆ ಉಪ್ಪುನೀರು, ಅದರಲ್ಲಿ ಮುಳುಗಿದ ಹಸಿರು ಗುಂಡುಗಳು. ನೋಡಿದರೆ ಬಳ್ಳಿಯಿಂದ ಆಗಷ್ಟೇ ಬಿಡಿಸಿದ ಹಸಿ ಕಾಳುಮೆಣಸು. "ಅಜ್ಜಿ, ಇದು ಕೇಪರ್. ಪಿಜ್ಜಾ ಮೇಲೆ ಹಾಕ್ತಾರೆ" ಅಂತ ನನ್ನ ಅತ್ತೆಯ ಅಂಗೈಗೆ ನಾಲ್ಕು ಸುರಿದಳು. ಅತ್ತೆ ಒಂದನ್ನು ಬಾಯಿಗೆ ಹಾಕಿಕೊಂಡು ಮುಂದಿನ ಹಲ್ಲಿನಲ್ಲಿ ಕಚ್ಚಿದರು. ಐವತ್ತು ವರ್ಷ ಮಾವಿನ ಮಿಡಿ ಉಪ್ಪಿಗೆ ಹಾಕಿದ ಕೈ ಅದು. ನಾಲಿಗೆಯೂ ಹಾಗೇ ಪಳಗಿದೆ. "ಇದೂ ಮಿಡಿನೇ ಕಣೆ. ಕಾಯಿ ಮಿಡಿ ಅಲ್ಲ, ಹೂವಿನ ಮಿಡಿ. ಸಾಸಿವೆ ಅರೆದು ಹಾಕಿದಾರಾ?" ಅಂದರು.

ಹೂವಿನ ಮಿಡಿ ಅಂದದ್ದು ಪೂರ್ತಿ ಸರಿ. ಕೇಪರ್ ಅಂದರೆ ಅರಳುವ ಮೊದಲೇ ಕಿತ್ತು ಉಪ್ಪಿಗೆ ಹಾಕಿದ ಮೊಗ್ಗು. ಸಾಸಿವೆಯನ್ನು ಯಾರೂ ಅರೆದು ಹಾಕಿರಲಿಲ್ಲ. ಆದರೆ ಆ ಗಿಡ ಸಾಸಿವೆಗೆ ದೂರದ ನೆಂಟ, ಆ ಘಾಟು ಅದರದ್ದೇ. ಅವತ್ತಿನಿಂದ ನಾನು ಕೇಪರನ್ನು ಪರದೇಶದ ಪದಾರ್ಥ ಅಂತ ನೋಡುವುದು ಬಿಟ್ಟೆ. ಮಿಡಿ, ಅಮಟೆಕಾಯಿ, ಕಳಲೆ ಇವೆಲ್ಲ ಗೊತ್ತಿರುವ ಮನೆಗೆ ಇದರಲ್ಲಿ ಹೊಸದಾಗಿ ಕಲಿಯುವುದು ಕಮ್ಮಿ. ಇರುವಷ್ಟನ್ನು, ನಾನು ಕೆಡಿಸಿದ್ದನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ಮೊದಲು ಒಂದು ಮೊಗ್ಗು ಬಿಡಿಸಿ ನೋಡಿ

ಒಂದು ಕೇಪರನ್ನು ತಟ್ಟೆ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ಬಿಡಿಸಿ. ಹೊರಗೆ ನಾಲ್ಕು ದಪ್ಪ ಹಸಿರು ಎಸಳು. ಅದರೊಳಗೆ ಮಡಚಿಕೊಂಡ ನಾಲ್ಕು ತೆಳು ಎಸಳು. ನಡುವೆ ಎಳೆ ಎಳೆಯಾಗಿ ಕೇಸರಗಳ ಗಂಟು. ಗಿಡದಲ್ಲೇ ಬಿಟ್ಟಿದ್ದರೆ ಇದು ಬಿಳಿ ಹೂವಾಗಿ, ಉದ್ದುದ್ದ ನೇರಳೆ ಕೇಸರ ಚಾಚಿಕೊಂಡು ಅರಳುತ್ತಿತ್ತು. ನೋಡಲು ಬಲು ಚೆಂದ, ಆದರೆ ಒಂದು ಇಡೀ ದಿನವೂ ಬಾಳುವುದಿಲ್ಲ.

ಮೊಗ್ಗನ್ನು ಕೈಯಿಂದಲೇ ಕೀಳಬೇಕು. ಮಲ್ಲಿಗೆ ಬಿಡಿಸಿದವರಿಗೆ ಈ ಕಷ್ಟ ಗೊತ್ತು. ಎಲ್ಲ ಒಂದೇ ಸಲ ಬರುವುದಿಲ್ಲ, ಅದೇ ಗಿಡಕ್ಕೆ ಮತ್ತೆ ಮತ್ತೆ ಹೋಗಬೇಕು, ಬಿಸಿಲೇರುವ ಮೊದಲೇ ಮುಗಿಸಬೇಕು, ಇಲ್ಲಿ ಸಾಲದ್ದಕ್ಕೆ ಮುಳ್ಳು ಬೇರೆ. ಅಷ್ಟು ಚಿಕ್ಕ ಬಾಟಲಿಗೆ ಅಷ್ಟು ದುಡ್ಡು ಯಾಕೆ ಅನ್ನುವುದಕ್ಕೆ ಉತ್ತರ ಇಷ್ಟೇ.

ಹಸಿ ಮೊಗ್ಗು ಬರೀ ಕಹಿ. ತಿನ್ನಲಾಗುವುದಿಲ್ಲ. ಅದರಲ್ಲಿ ಗ್ಲುಕೋಕ್ಯಾಪರಿನ್ ಅನ್ನುವ ಗಂಧಕದ ಅಂಶವಿದೆ. ಉಪ್ಪಿನಲ್ಲಿ ಮಾಗುವಾಗ ಅದು ಒಡೆದು ಸಾಸಿವೆ ಎಣ್ಣೆಯ ಜಾತಿಯ ಘಾಟಾಗುತ್ತದೆ. ಸಾಸಿವೆ, ಮೂಲಂಗಿ, ಎಲೆಕೋಸು, ನುಗ್ಗೆ, ಪಪ್ಪಾಯಿ ಎಲ್ಲ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಇದೇ ಗಣಕ್ಕೆ ಸೇರಿದವು. ನಂಬಿಕೆ ಬರದಿದ್ದರೆ ಹಿತ್ತಿಲಿನ ಪಪ್ಪಾಯಿ ಕೊಯ್ದಾಗ ಒಂದು ಬೀಜ ಕಚ್ಚಿ ನೋಡಿ. ಮೂಗಿಗೆ ಏರುವುದು ಅದೇ ಖಾರ.

ಇಲ್ಲೇ ಒಂದು ಎಚ್ಚರಿಕೆ. ನಾನೇ ದುಡ್ಡು ಕೊಟ್ಟು ತಂದ ಮೊದಲ ಬಾಟಲಿಯನ್ನು ಮೂರು ವಾರ ಬಿಟ್ಟು ತೆಗೆದಾಗ ಮೊಗ್ಗುಗಳ ಮೇಲೆ ಬಿಳಿ ಚುಕ್ಕಿ ಕಂಡವು. ಮಲೆನಾಡಿನ ಮಳೆಗಾಲ ನೋಡಿದವರಿಗೆ ಬಿಳಿ ಅಂದರೆ ಬೂಸ್ಟೇ. ಹಿಂದೆ ಮುಂದೆ ನೋಡದೆ ಅಷ್ಟನ್ನೂ ಅಡಕೆ ಬುಡಕ್ಕೆ ಸುರಿದೆ. ಅದು ಬೂಸ್ಟಾಗಿರಲಿಲ್ಲ. ಮೊಗ್ಗಿನಲ್ಲಿರುವ ರುಟಿನ್ ಅನ್ನುವ ವಸ್ತು ಹರಳುಗಟ್ಟಿ ಹಾಗೆ ಕಾಣುತ್ತದೆ, ತಿಂದರೆ ಏನೂ ಆಗುವುದಿಲ್ಲ. ಗುರುತಿಸುವುದು ಸುಲಭ: ಚುಕ್ಕಿ ಮೊಗ್ಗಿನ ಮೈಗೇ ಅಂಟಿಕೊಂಡು, ಸಣ್ಣ ಮರಳಿನ ಹಾಗೆ ಗಟ್ಟಿಯಿದ್ದರೆ ರುಟಿನ್. ನೀರಿನ ಮೇಲೆ ಹತ್ತಿಯ ಹಾಗೆ ಕೆನೆಗಟ್ಟಿ, ಮುಚ್ಚಳ ತೆಗೆದ ಕೂಡಲೇ ಮುಗ್ಗಲು ವಾಸನೆ ಬಂದರೆ ಬೂಸ್ಟು. ಎರಡನೆಯದನ್ನು ಮಾತ್ರ ಚೆಲ್ಲಿ.

ಹೆಸರು ಎಲ್ಲಿಂದ ಬಂತು

ಗ್ರೀಕರು ಕಪ್ಪಾರಿಸ್ ಅಂದರು, ಲ್ಯಾಟಿನ್ನಿನವರು ಹಾಗೇ ಎತ್ತಿಕೊಂಡರು. ಕ್ರಿಸ್ತಪೂರ್ವದಲ್ಲಿದ್ದ ಥಿಯೋಫ್ರಾಸ್ಟಸ್ ಎಂಬ ಗ್ರೀಕ್ ಪಂಡಿತ ಆಗಲೇ ಇದು ಉಳುಮೆಯ ನೆಲಕ್ಕೆ ಒಗ್ಗದ ಗಿಡ ಅಂತ ಬರೆದಿದ್ದ. 1753ರಲ್ಲಿ ಲಿನೇಯಸ್ ಗಿಡಗಳಿಗೆಲ್ಲ ಜೋಡಿ ಹೆಸರು ಇಡುತ್ತಾ ಬಂದಾಗ ಹಳೆ ಹೆಸರನ್ನೇ ಇಟ್ಟುಕೊಂಡು, ಮುಳ್ಳಿನದು ಅನ್ನುವ ಅರ್ಥದ ಸ್ಪೈನೋಸ ಸೇರಿಸಿದ. ಕಪ್ಪಾರಿಸ್ ಸ್ಪೈನೋಸ. ಇಂಗ್ಲಿಷಿನವರದ್ದು ತಮಾಷೆ. ಅವರಿಗೆ ಬಂದ ಪದದ ಕೊನೆಯಲ್ಲಿ ಸಕಾರ ಇತ್ತು. ಅದು ಬಹುವಚನ ಇರಬೇಕು ಅಂತ ತಿಳಿದು, ಒಂದಕ್ಕೆ ಸಕಾರ ಯಾಕೆ ಅಂತ ಕಿತ್ತುಹಾಕಿ 'ಕೇಪರ್' ಮಾಡಿಕೊಂಡರು.

ಅರಬ್ಬರ ಬಾಯಲ್ಲಿ ಇದು ಕಬರ್. ಸ್ಪೇನಿನವರು ಅರಬ್ಬಿಯ 'ಅಲ್' ಅನ್ನೂ ಸೇರಿಸಿಕೊಂಡು ಅಲ್ಕಪಾರ್ರ ಅನ್ನುತ್ತಾರೆ. ಫ್ರಾನ್ಸಿನ ದಕ್ಷಿಣದ ಪ್ರೊವೆನ್ಸ್ ಕಡೆ ಇದಕ್ಕೆ ತಪೆನೊ ಅಂತ ಬೇರೆಯೇ ಹೆಸರು. ಆಲಿವ್ ಜೊತೆ ಅರೆದು ಮಾಡುವ ಟಪೆನಾಡ್ ಚಟ್ನಿಗೆ ಹೆಸರು ಬಂದದ್ದು ಅಲ್ಲಿಂದ. ಎಲ್ಲರೂ ಅದನ್ನು ಆಲಿವ್ ಚಟ್ನಿ ಅನ್ನುತ್ತಾರೆ, ಹೆಸರು ಮಾತ್ರ ಕೇಪರಿನದು. ಇಟಲಿಯಲ್ಲಿ ಯಾರಿಗಾದರೂ ಆಶ್ಚರ್ಯವಾದರೆ "ಕಪ್ಪೇರಿ!" ಅನ್ನುತ್ತಾರೆ. ನಾವು "ಅಬ್ಬಬ್ಬಾ" ಅನ್ನುವ ಜಾಗದಲ್ಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಯಹೂದಿಗಳ ತಾಲ್ಮುಡ್ ಗ್ರಂಥದಲ್ಲಿ ಇರುವ ಲೆಕ್ಕ. ಒಂದೇ ಗಿಡದ ಕುಡಿಗೆ ತೆಮರೋಟ್, ಕಾಯಿಗೆ ಎವ್ಯೊನೋಟ್, ಮೊಗ್ಗಿನ ಭಾಗಕ್ಕೆ ಕಫ್ರಿಸಿನ್ ಅಂತ ಮೂರು ಬೇರೆ ಹೆಸರು. ತಿನ್ನುವವರು ಇಡುವ ಹೆಸರು ಹಾಗೇ ಇರುತ್ತದೆ ಅಲ್ವಾ? ನಮಗೂ ಮಾವಿನ ಮಿಡಿ ಬೇರೆ, ಕಾಯಿ ಬೇರೆ, ಹಣ್ಣು ಬೇರೆ. ಮೂರನ್ನೂ ಬರೀ ಮಾವು ಅಂದರೆ ಅಡುಗೆಮನೆಯಲ್ಲಿ ಕೆಲಸ ನಡೆಯುವುದಿಲ್ಲ.

ನಮ್ಮ ದೇಶಕ್ಕೂ ಇದು ಹೊಸದಲ್ಲ. ಲಡಾಖಿನಲ್ಲಿ ಕಾಡುಗಿಡವಾಗಿ ಬೆಳೆಯುತ್ತದೆ, ಅಲ್ಲಿ ಕಬ್ರಾ ಅನ್ನುತ್ತಾರೆ. ಎಳೆ ಕುಡಿಯನ್ನು ನೀರಲ್ಲಿ ನೆನೆಸಿ ಕಹಿ ತೆಗೆದು ಪಲ್ಯ ಮಾಡುತ್ತಾರೆ. ಆಯುರ್ವೇದದವರು ಕರೆಯುವುದು ಹಿಂಸ್ರಾ ಅಂತ. ಲಿವರ್ ಮಾತ್ರೆಯ ಡಬ್ಬಿ ಮೇಲೆ ಈ ಹೆಸರು ನೀವೂ ಓದಿರಬಹುದು. ಹಿಂಸ್ರಾ ಅಂದರೆ ಹಿಂಸೆ ಕೊಡುವಂಥದ್ದು. ಮುಳ್ಳು ನೋಡಿದ ಮೇಲೆ ಯಾಕೆ ಅಂತ ಕೇಳಬೇಕಿಲ್ಲ. ರಾಜಸ್ಥಾನದ ಕೇರ್ ಸಾಂಗ್ರಿ ಪಲ್ಯದ ಕೇರ್ ಇದೆಯಲ್ಲ, ಅದು ಇದೇ ಕುಲದ ಇನ್ನೊಂದು ಗಿಡದ ಕಾಯಿ. ಸಂಸ್ಕೃತದಲ್ಲಿ ಅದು ಕರೀರ. ಮಳೆ ಬರಲಿ ಅಂತ ಮಾಡುವ ಕಾರೀರೀ ಇಷ್ಟಿ ಅನ್ನುವ ಯಾಗಕ್ಕೆ ಹೆಸರು ಕೊಟ್ಟದ್ದು ಆ ಕರೀರವೇ. ಜುಲೈನಲ್ಲಿ ನಮ್ಮೂರಿಗೆ ಬಂದವರಿಗೆ ಅದರ ಅಗತ್ಯ ತಿಳಿಯುವುದು ಕಷ್ಟ.

ಕೊಳ್ಳುವಾಗ ಏನು ನೋಡಬೇಕು

ಶಿವಮೊಗ್ಗದ ದೊಡ್ಡ ಅಂಗಡಿಗಳಲ್ಲಿ ಆಲಿವ್ ಇಡುವ ಸಾಲಿನಲ್ಲೇ ಹುಡುಕಿ. ಸಿಗದಿದ್ದರೆ ಆನ್‌ಲೈನ್. ಎರಡು ಥರ ಬರುತ್ತದೆ. ಒಂದು ಉಪ್ಪುನೀರು ಅಥವಾ ವಿನೆಗರಿನಲ್ಲಿ ಮುಳುಗಿಸಿದ್ದು. ಇನ್ನೊಂದು ಒಣ ಉಪ್ಪಿನಲ್ಲಿ ಹೂತದ್ದು. ನನ್ನನ್ನು ಕೇಳಿದರೆ ಒಣ ಉಪ್ಪಿನದ್ದೇ ರುಚಿ, ಯಾಕೆಂದರೆ ವಿನೆಗರ್ ಮೊಗ್ಗಿನ ಸ್ವಂತ ಪರಿಮಳವನ್ನು ಮುಚ್ಚಿಹಾಕುತ್ತದೆ. ಆದರೆ ಅದು ಸಿಗುವುದು ಅಪರೂಪ, ಬೆಲೆಯೂ ಜಾಸ್ತಿ. ಸಿಸಿಲಿ ಮತ್ತು ಟುನೀಸಿಯಾ ನಡುವಿನ ಪಾಂಟೆಲೆರಿಯಾ ದ್ವೀಪದ ಉಪ್ಪಿನ ಕೇಪರ್ ಹೆಸರುವಾಸಿ. ನಮ್ಮ ಅಪ್ಪೆಮಿಡಿಗೆ ಜಿಐ ಅನ್ನುವ ಊರಿನ ಗುರುತು ಇದ್ದಂತೆ ಅದಕ್ಕೂ ಯುರೋಪಿನಲ್ಲಿ ಊರಿನ ಹೆಸರಿನ ರಕ್ಷಣೆ ಇದೆ.

ಬಾಟಲಿ ಮೇಲೆ ನಾನ್‌ಪರೇಲ್ ಅಂತ ಇದ್ದರೆ ಅದು 7 ಮಿಲಿಮೀಟರಿಗಿಂತ ಚಿಕ್ಕ ಮೊಗ್ಗು. ಫ್ರೆಂಚಿನಲ್ಲಿ ಆ ಪದಕ್ಕೆ ಸಾಟಿಯಿಲ್ಲದ್ದು ಅಂತ ಅರ್ಥ. 7ರಿಂದ 8 ಮಿಲಿಮೀಟರಿನದ್ದು ಸರ್ಫೀನ್, 8ರಿಂದ 9 ಕಪುಸೀನ್, 9ರಿಂದ 11 ಕಪೋಟ್. ಚಿಕ್ಕದಾದಷ್ಟೂ ಬೆಲೆ ಏರುತ್ತದೆ. ಅರೆದು ಹಾಕುವ ಅಡುಗೆಗೆ ದೊಡ್ಡದೇ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ಮಿಡಿ ಕೊಳ್ಳುವಾಗ ತೊಟ್ಟು ನೋಡುತ್ತೇವಲ್ಲ, ಇಲ್ಲಿ ಬಿಗಿ ನೋಡಿ. ಬಾಟಲಿ ಅಲುಗಾಡಿಸಿದಾಗ ಮೊಗ್ಗು ಬಿಚ್ಚಿಕೊಂಡು ಎಸಳು ತೇಲಿದರೆ ಬಿಟ್ಟುಬಿಡಿ. ಉದ್ದ ತೊಟ್ಟಿರುವ, ತೊಂಡೆಕಾಯಿಯ ತಮ್ಮನಂಥ ಕಾಯಿ ಕಂಡರೆ ಅದು ಕೇಪರ್‌ಬೆರಿ, ಅಂದರೆ ಹೂವು ಅರಳಿ ಆದ ಕಾಯಿ. ಒಳಗೆ ಬೀಜ ತುಂಬಿರುತ್ತದೆ. ಊಟದ ಜೊತೆ ನಂಚಿಕೊಳ್ಳಲು ಚೆನ್ನ, ಆದರೆ ಮೊಗ್ಗಿನ ಬದಲಿಗೆ ಆಗುವುದಿಲ್ಲ.

ಉಪ್ಪು ಬಿಡಿಸುವುದು

ಈ ಹಂತ ಬಿಟ್ಟವರೇ "ಥೂ, ಬರೀ ಉಪ್ಪು" ಅನ್ನುವುದು. ಉಪ್ಪಿಗೆ ಹಾಕಿದ ಮಿಡಿಯನ್ನು ತೊಳೆಯದೆ ಬಾಯಿಗಿಟ್ಟರೂ ಹಾಗೇ ಅನ್ನುತ್ತೀರಿ.

ಉಪ್ಪುನೀರಿನ ಕೇಪರನ್ನು ಟೀ ಸೋಸುವ ಜಾಲರಿಗೆ ಹಾಕಿ, ನಲ್ಲಿ ಕೆಳಗೆ ಅರ್ಧ ನಿಮಿಷ ತೊಳೆದು, 10 ನಿಮಿಷ ತಣ್ಣೀರಲ್ಲಿ ಬಿಡಿ. ಸಾಕು. ಒಣ ಉಪ್ಪಿನದ್ದಾದರೆ ಮೊದಲು ಉಪ್ಪು ಉದುರಿಸಿ, ಬಟ್ಟಲು ತುಂಬ ನೀರಿನಲ್ಲಿ ನೆನೆಸಿ. 20 ನಿಮಿಷಕ್ಕೊಮ್ಮೆ ನೀರು ಚೆಲ್ಲಿ ಹೊಸ ನೀರು ಹಾಕಿ. ಮೂರು ಸಲ ಬದಲಿಸಿದ ಮೇಲೆ ಒಂದನ್ನು ಕಚ್ಚಿ ನೋಡಿ. ಕಳಲೆಗೆ ದಿನಕ್ಕೊಮ್ಮೆ ನೀರು ಬದಲಿಸಿ ಮೂರು ದಿನ ಕಾಯುವವರಿಗೆ ಇದೊಂದು ದೊಡ್ಡ ಕೆಲಸವೇ ಅಲ್ಲ. ಉಪ್ಪು ಪೂರ್ತಿ ಹೋಗುವವರೆಗೆ ಮಾತ್ರ ನೆನೆಸಬೇಡಿ, ರುಚಿಯೂ ಅದರ ಜೊತೆಗೇ ಹೋಗುತ್ತದೆ. ಆಮೇಲೆ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಿರಿ. ಇಷ್ಟು ಮಾಡಿದರೂ ಉಪ್ಪು ಉಳಿದೇ ಇರುತ್ತದೆ. ಬಿಪಿ ಇರುವವರು ನಾಲ್ಕೈದು ಮೊಗ್ಗಿಗೆ ನಿಲ್ಲಿಸುವುದು ಒಳ್ಳೆಯದು.

ನಮ್ಮ ಅಡುಗೆಗೆ ಹೇಗೆ

ಎರಡು ಮಾತು ನೆನಪಿಟ್ಟರೆ ಸಾಕು. ಕೇಪರ್ ಹಾಕುವ ಅಡುಗೆಗೆ ಉಪ್ಪನ್ನು ಕೊನೆಯಲ್ಲಿ, ರುಚಿ ನೋಡಿ ಹಾಕಿ. ಮತ್ತೆ, ಕೇಪರನ್ನು ಕುದಿಸಬೇಡಿ. ಇವೆರಡೂ ಗೊತ್ತಿಲ್ಲದೆ ನಾನು ಒಮ್ಮೆ ಸಾರಿಗೆ ಎರಡು ಚಮಚ ಹಾಕಿ ಕುದಿಸಿದೆ. ಮೊಗ್ಗಿನ ಪರಿಮಳ ಆವಿಯಾಗಿ ಹೋಯಿತು, ಉಪ್ಪು ಮಾತ್ರ ಪಾತ್ರೆಯಲ್ಲಿ ಉಳಿಯಿತು. ಅವತ್ತು ಎಲ್ಲರೂ ಮಜ್ಜಿಗೆ ಅನ್ನ ಉಂಡರು.

ಶುರುವಿಗೆ ಒಳ್ಳೆಯದು ಸುಟ್ಟ ಬದನೆಕಾಯಿ ಗೊಜ್ಜು. ಇದು ಸುಮ್ಮನೆ ಹೇಳಿದ್ದಲ್ಲ. ಸಿಸಿಲಿಯಲ್ಲಿ ಕಪೊನಾಟ ಅಂತ ಮಾಡುತ್ತಾರೆ: ಬದನೆಕಾಯಿ, ವಿನೆಗರಿನ ಹುಳಿ, ಸಕ್ಕರೆಯ ಸಿಹಿ, ಮೇಲೆ ಕೇಪರ್. ಹುಳಿ ಸಿಹಿ ಸೇರಿದರೆ ಅದು ಗೊಜ್ಜೇ ತಾನೇ. ಒಂದು ದೊಡ್ಡ ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು, ಸಿಪ್ಪೆ ತೆಗೆದು ಕಿವುಚಿ. ಯಾವಾಗಲೂ ಹಾಕುವುದರ ಅರ್ಧದಷ್ಟು ಹುಣಸೆಹುಳಿ, ಅಡಕೆ ಗಾತ್ರದ ಬೆಲ್ಲ, ನುರಿದ ಎರಡು ಜೀರಿಗೆ ಮೆಣಸು (ಪುಟ್ಟ ಖಾರದ ಮೆಣಸಿನಕಾಯಿ), ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಸೇರಿಸಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ ಒಗ್ಗರಣೆ ಕೊಟ್ಟು, ಕೆಳಗಿಳಿಸಿದ ಮೇಲೆ ಉಪ್ಪು ಬಿಡಿಸಿದ ಒಂದು ದೊಡ್ಡ ಚಮಚ ಕೇಪರ್ ಹಾಕಿ ಕಲಸಿ. ಅರ್ಧ ಗಂಟೆ ಬಿಟ್ಟು ಉಣ್ಣಿ, ಆಗಲೇ ರುಚಿ ಕೂಡುವುದು.

ತಂಬುಳಿಯೂ ಆಗುತ್ತದೆ. ಎರಡು ಸಣ್ಣ ಚಮಚ ಕೇಪರ್, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸನ್ನು ತುಪ್ಪದಲ್ಲಿ ಬಾಡಿಸಿ, ಅರ್ಧ ಬಟ್ಟಲು ತೆಂಗಿನತುರಿ ಜೊತೆ ನುಣ್ಣಗೆ ಅರೆಯಿರಿ. ಒಂದೂವರೆ ಲೋಟ ಮಜ್ಜಿಗೆಗೆ ಬೆರೆಸಿ. ಒಂದೆಲಗದ ತಂಬುಳಿಯಷ್ಟು ತಂಪು ಇದಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಬಿಸಿ ಅನ್ನಕ್ಕೆ ಮೂಗಿನ ತುದಿಯಲ್ಲಿ ಒಂದು ಸಣ್ಣ ಚುರುಕು ಕೊಡುತ್ತದೆ.

ಮಕ್ಕಳು ಬಂದರೆ ಮಾತ್ರ ಕರಿಯಿರಿ. ಉಪ್ಪು ಬಿಡಿಸಿದ ಮೊಗ್ಗನ್ನು ಬಟ್ಟೆ ಮೇಲೆ ಒಂದು ಗಂಟೆ ಹರಡಿ ಚೆನ್ನಾಗಿ ಆರಿಸಿ, ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ. ಸಣ್ಣ ಬಾಣಲೆಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ ಹಾಕಿ. ಮೊದಲು ಗುಳ್ಳೆ ಏಳುತ್ತದೆ. ಆಮೇಲೆ ಒಂದೊಂದೇ ಮೊಗ್ಗು ಎಣ್ಣೆಯಲ್ಲೇ ಬಿರಿದು, ಎಸಳು ಹೊರಕ್ಕೆ ಬಾಗಿ, ಹೂವಾಗುತ್ತದೆ. ಗಿಡದಲ್ಲಿ ಅರಳಲು ಬಿಡದ ಮೊಗ್ಗು ಬಾಣಲೆಯಲ್ಲಿ ಅರಳುವುದನ್ನು ನೋಡಲು ನಮ್ಮನೆಯಲ್ಲಿ ಎಲ್ಲರೂ ಒಲೆ ಸುತ್ತ ನಿಲ್ಲುತ್ತಾರೆ. ಒಂದು ನಿಮಿಷಕ್ಕೆ ಗುಳ್ಳೆ ತಗ್ಗಿ ಅಂಚು ಕಂದಾದಾಗ ತೆಗೆಯಿರಿ. ಬೆಣ್ಣೆ ಸವರಿದ ಅಕ್ಕಿರೊಟ್ಟಿ ಮೇಲೆ, ಮೊಸರನ್ನದ ಮೇಲೆ, ಕಡುಬಿನ ಜೊತೆ ಉದುರಿಸಿ.

ಮೀನು ತಿನ್ನುವವರಿಗೆ ಹೆಚ್ಚು ಹೇಳಬೇಕಿಲ್ಲ. ಮೀನು ಹುರಿದ ಬಾಣಲೆಗೇ ಒಂದು ಚಮಚ ಬೆಣ್ಣೆ, ಅರ್ಧ ನಿಂಬೆಯ ರಸ, ಒಂದು ಚಮಚ ಕೇಪರ್ ಹಾಕಿ ಒಮ್ಮೆ ತಿರುಗಿಸಿ ಮೀನಿನ ಮೇಲೆ ಸುರಿಯಿರಿ.

ನಮ್ಮದೇ ಭರಣಿ: ನಸ್ಟರ್ಶಿಯಂ ಕಾಯಿ

ಕೇಪರ್ ಸಿಗದ ಯುರೋಪಿನ ಚಳಿ ಊರುಗಳಲ್ಲಿ ಬಡವರು ಕಂಡುಕೊಂಡ ದಾರಿ ಇದು. ಮಲೆನಾಡಿಗೆ ಹೇಳಿ ಮಾಡಿಸಿದ ಹಾಗಿದೆ. ಡೇರೆ ಹೂವಿನ ಸಾಲಿನ ಪಕ್ಕ, ತಾವರೆಯ ಮರಿಯಂಥ ದುಂಡೆಲೆ, ಕಿತ್ತಳೆ ಹಳದಿ ಹೂವಿನ ಬಳ್ಳಿ ಹಬ್ಬಿಸುತ್ತಾರಲ್ಲ, ಅದೇ ನಸ್ಟರ್ಶಿಯಂ. ಮೂಲ ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಹೆಸರಿಗೆ ಲ್ಯಾಟಿನ್ನಿನಲ್ಲಿ ಮೂಗು ತಿರುಚುವುದು ಅಂತ ಅರ್ಥ ಹೇಳುತ್ತಾರೆ. ಎಲೆ ಅಗಿದರೆ ಗೊತ್ತಾಗುತ್ತದೆ. ಸಾಸಿವೆಯ ಅದೇ ನೆಂಟಸ್ತನ.

ಮಳೆ ಪೂರ್ತಿ ನಿಂತ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ಬಿತ್ತಿ. ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೆನೆಸಿ. ಗೊಬ್ಬರ ಸುರಿಯಬೇಡಿ. ಗೊಬ್ಬರ ಜಾಸ್ತಿಯಾದರೆ ಬರೀ ಎಲೆ, ಹೂವಿಲ್ಲ. ಎರಡು ತಿಂಗಳ ಹೊತ್ತಿಗೆ ಹೂವು ಬರುತ್ತದೆ. ಹೂವು ಉದುರಿದ ಜಾಗದಲ್ಲಿ ಮೂರು ಮೂರು ಕಾಯಿ ಅಂಟಿಕೊಂಡು ನಿಲ್ಲುತ್ತವೆ. ಎಲೆಕೋಸಿಗೆ ಬರುವ ಬಿಳಿ ಚಿಟ್ಟೆ ಇದನ್ನೂ ಬಿಡುವುದಿಲ್ಲ, ಎಲೆಯಡಿ ಹಳದಿ ಮೊಟ್ಟೆ ಕಂಡರೆ ಒರೆಸಿಬಿಡಿ. ತಿನ್ನುವ ಗಿಡಕ್ಕೆ ಔಷಧಿ ಹೊಡೆಯಬೇಡಿ. ಇನ್ನೊಂದು ಮಾತು: ಬಿತ್ತನೆಗೆ ತಂದ ಪ್ಯಾಕೆಟ್ಟಿನ ಬೀಜವನ್ನು ಉಪ್ಪಿಗೆ ಹಾಕಲೇಬೇಡಿ. ಅದಕ್ಕೆ ಔಷಧಿ ಸವರಿರಬಹುದು.

ಕೀಳುವ ದಿನ. ಕಾಯಿ ಹಸಿರಾಗಿರಬೇಕು, ಉಗುರು ಒತ್ತಿದರೆ ಇಳಿಯಬೇಕು. ಬಿಳಿಚಿಕೊಂಡದ್ದು ಒಳಗೆ ಮರದ ಹಾಗೆ ಬಲಿತಿರುತ್ತದೆ, ಅದನ್ನು ಮುಂದಿನ ವರ್ಷದ ಬಿತ್ತನೆಗೆ ಎತ್ತಿಡಿ. ಮೂರನ್ನೂ ಬಿಡಿಬಿಡಿಯಾಗಿ ಮಾಡಿ, ಒಣಗಿದ ಹೂವಿನ ಎಸಳು ತೆಗೆದು ತೊಳೆಯಿರಿ. 100 ಗ್ರಾಂ ಕಾಯಿಗೆ 250 ಮಿಲಿಲೀಟರ್ ನೀರಲ್ಲಿ 25 ಗ್ರಾಂ ಕಲ್ಲುಪ್ಪು ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಮುಳುಗಿಸಿ. ಮೇಲೆ ತೇಲದ ಹಾಗೆ ಪುಟ್ಟ ತಟ್ಟೆ ಇಡಿ.

ಮರುದಿನ ಮುಚ್ಚಳ ತೆಗೆದರೆ ಗಂಧಕದ ನಾತ ಬರುತ್ತದೆ. ಹೆದರಬೇಡಿ. ನಾನು ಮೊದಲ ಸಲ ಕೊಳೆತಿದೆ ಅಂತ ಚೆಲ್ಲಲು ಹೊರಟಾಗ ಅತ್ತೆಯೇ ತಡೆದದ್ದು. "ಮೂಲಂಗಿ ಹೆಚ್ಚಿಟ್ಟಾಗ ಬರಲ್ವಾ ಹೀಗೆ? ನೀರು ಬದಲ್ಸು, ಹೋಗ್ತದೆ" ಅಂದರು. ಅದೇ ಅಳತೆಯ ಹೊಸ ಉಪ್ಪುನೀರು ಹಾಕಿ ಇನ್ನೊಂದು ದಿನ ಬಿಡಿ.

ಮೂರನೇ ದಿನ ಕಾಯಿ ಸೋಸಿ, ಒಮ್ಮೆ ತೊಳೆದು, ಬಟ್ಟೆ ಮೇಲೆ ಆರಿಸಿ. ಗಾಜಿನ ಬಾಟಲಿಯನ್ನು ಕುದಿಯುವ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿಟ್ಟಿರಬೇಕು. ಕಾಯಿ ತುಂಬಿ. 200 ಮಿಲಿಲೀಟರ್ ವಿನೆಗರಿಗೆ ಅರ್ಧ ಚಮಚ ಸಕ್ಕರೆ, ಒಂದು ದಾಲ್ಚಿನ್ನಿ ಎಲೆ, ಐದಾರು ಕಾಳುಮೆಣಸು ಹಾಕಿ ಕುದಿ ಬರಿಸಿ ಬಿಸಿಯಾಗಿಯೇ ಸುರಿಯಿರಿ. ಲೇಬಲ್ ಮೇಲೆ ಆಮ್ಲ 5 ಶೇಕಡ ಅಂತ ಇರುವ ವಿನೆಗರೇ ಆಗಬೇಕು. ಅದಕ್ಕೆ ನೀರು ಬೆರೆಸಿ ತೆಳು ಮಾಡಬೇಡಿ. ಆರಿದ ಮೇಲೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಡಿ. ಮೂರು ವಾರ ಮುಟ್ಟಬೇಡಿ. ಸಂಕ್ರಾಂತಿಗೆ ಹಾಕಿದ್ದು ಶಿವರಾತ್ರಿಯ ಮರುದಿನದ ಊಟಕ್ಕೆ ಸರಿಯಾಗುತ್ತದೆ. ಕೇಪರಿಗಿಂತ ಇದು ಸ್ವಲ್ಪ ಗಡುಸು, ಘಾಟೂ ಜಾಸ್ತಿ. ಕಣ್ಣು ಮುಚ್ಚಿಸಿ ಕೊಟ್ಟರೆ ಅಕ್ಕನ ಮಗಳಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅತ್ತೆಗೆ ಗೊತ್ತಾಯಿತು.

ಬಳ್ಳಿಯಲ್ಲಿ ಎಳೆ ಕಾಳುಮೆಣಸು ಇದ್ದರೆ ಇಷ್ಟೂ ಬೇಕಾಗಿಲ್ಲ. ಒಳಗಿನ ಬೀಜ ಗಟ್ಟಿಯಾಗುವ ಮೊದಲೇ ಗೊಂಚಲು ಕಿತ್ತು, ತೊಳೆದು, ಆರಿಸಿ, ಉಪ್ಪು ಮತ್ತು ಮುಳುಗುವಷ್ಟು ನಿಂಬೆರಸದಲ್ಲಿ ಹಾಕಿಡುವುದು ನಮ್ಮ ಕಡೆ ಹಳೆಯ ಪದ್ಧತಿಯೇ. ಕೇಪರ್ ಕೇಳುವ ಯಾವ ಅಡುಗೆಗೂ ಅದನ್ನು ಧೈರ್ಯವಾಗಿ ಹಾಕಿ. ಘಾಟಿನ ದಾರಿ ಬೇರೆ, ಕೆಲಸ ಒಂದೇ.

ಗಿಡ ಬೆಳೆಸಬಹುದಾ?

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಕೇಪರ್ ಗಿಡಕ್ಕೆ 350 ಸಿಕ್ಕರೂ ಬದುಕುತ್ತದೆ. ಅದು ಮೆಡಿಟರೇನಿಯನ್ ಬಿಸಿಲಿನ, ಸುಣ್ಣಕಲ್ಲಿನ, ಗೋಡೆ ಸಂದಿಯ ಗಿಡ. ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ನಡುವೆ ತಾನಾಗಿ ಬೆಳೆದು ಜೋತಾಡುತ್ತದೆ. ಹಾಗಾಗಿ ಘಟ್ಟದ ಮೇಲಿನವರು ನೆಲದಲ್ಲಿ ನೆಡುವ ಆಸೆ ಬಿಡಿ. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರ ಕಡೆಯವರು ಕುಂಡದಲ್ಲಿ ಪ್ರಯತ್ನ ಮಾಡಬಹುದು.

ಬೀಜವನ್ನು ಉಗುರುಬೆಚ್ಚಗಿನ ನೀರಲ್ಲಿ ಒಂದು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ಎರಡರಿಂದ ಮೂರು ತಿಂಗಳು ಫ್ರಿಜ್ಜಿನಲ್ಲಿಡಬೇಕು. ಆಮೇಲೆ ಮತ್ತೆ ಒಂದು ದಿನ ನೆನೆಸಿ ಬಿತ್ತಬೇಕು. ಇಷ್ಟಾದರೂ ಮೊಳೆಯುವುದು ಕಮ್ಮಿ. ನನಗೆ ಹತ್ತರಲ್ಲಿ ಎರಡು ಮೊಳೆತವು. ಕುಂಡ ಆಳವಾಗಿರಲಿ, ಅರ್ಧಕ್ಕರ್ಧ ಮರಳು ಜಲ್ಲಿ ಇರಲಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಹುಳಿ, ಅದಕ್ಕೆ ಒಂದು ಹಿಡಿ ಸುಣ್ಣದ ಪುಡಿ ಬೆರೆಸಿ. ದಿನವಿಡೀ ಬಿಸಿಲು ಬೇಕು. ಮಳೆಗಾಲ ಶುರುವಾದ ಕೂಡಲೇ ಸೂರಿನಡಿಗೆ ತನ್ನಿ. ಹೂವು ಬರುವುದು ಆ ವರ್ಷದ ಹೊಸ ಚಿಗುರಿನಲ್ಲಿ, ಹಾಗಾಗಿ ಚಳಿಗಾಲದಲ್ಲಿ ಹಳೆ ರೆಂಬೆ ಗಿಡ್ಡಗೆ ಕತ್ತರಿಸಿ. ಎರಡು ಮೂರು ವರ್ಷ ಕಾಯಬೇಕು.

ಕೀಳಲು ಮೊಗ್ಗು ಸಿಕ್ಕ ಭಾಗ್ಯವಂತರಿಗೆ: ಬಿಗಿಯಾದ ಮೊಗ್ಗು ಕಿತ್ತು, ತೊಳೆದು, ಒಂದು ದಿನ ನೆರಳಲ್ಲಿ ಬಾಡಿಸಿ. 100 ಗ್ರಾಂ ಮೊಗ್ಗಿಗೆ 40 ಗ್ರಾಂ ಕಲ್ಲುಪ್ಪು. ಭರಣಿಯಲ್ಲಿ ಹಾಕಿ ದಿನಕ್ಕೊಮ್ಮೆ ಕುಲುಕಿ. ಮಿಡಿ ಮುರುಟಿದ ಹಾಗೆ ಇದೂ ನೀರು ಬಿಡುತ್ತದೆ. 10 ದಿನಕ್ಕೆ ಆ ನೀರು ಚೆಲ್ಲಿ, ಈ ಸಲ 20 ಗ್ರಾಂ ಉಪ್ಪು ಹಾಕಿ ಇನ್ನೊಂದು 10 ದಿನ. ಕಹಿ ಹೋಗಿ ಘಾಟು ಬಂದರೆ ಆಯಿತು.

ಕಾಡಂಚಿನಲ್ಲಿ ಇದರ ಬಂಧು ಕಂಡೀತು. ಕೊಕ್ಕೆಯಂಥ ಜೋಡಿ ಮುಳ್ಳು, ಬಿಳಿ ಹೂವು ಬಾಡುತ್ತಾ ಗುಲಾಬಿಯಾಗುತ್ತದೆ, ಕೆಂಪು ಗುಂಡು ಹಣ್ಣು. ಮುಳ್ಳುಕತ್ತರಿ ಅನ್ನುತ್ತಾರೆ. ಮಹಾರಾಷ್ಟ್ರದಲ್ಲಿ ಇದನ್ನು ವಾಘಾಟಿ ಅಂತ ಕರೆದು, ಆಷಾಢ ಏಕಾದಶಿಯ ಮರುದಿನ ಉಪವಾಸ ಬಿಡುವಾಗ ಇದರ ಕಾಯಿಪಲ್ಯ ಮಾಡುತ್ತಾರೆ. ಆದರೆ ತಿಂದು ಗೊತ್ತಿರುವ ಹಿರಿಯರು ಜೊತೆಗಿಲ್ಲದೆ ಕಾಡಿನ ಮೊಗ್ಗು, ಕಾಯಿ ಕಿತ್ತು ಉಪ್ಪಿಗೆ ಹಾಕಬೇಡಿ.

ನನ್ನ ಎರಡು ಸಸಿಗಳಲ್ಲಿ ಒಂದು ಆರಿದ್ರಾ ಮಳೆಯಲ್ಲಿ, ಸೂರಿನಡಿ ಇದ್ದರೂ, ಬುಡ ಕೊಳೆತು ಹೋಯಿತು. ಇನ್ನೊಂದನ್ನು ಶಿವಮೊಗ್ಗದಲ್ಲಿ ತಮ್ಮನ ಮನೆಯ ತಾರಸಿಗೆ ಸಾಗಿಸಿದೆ. ಅಲ್ಲಿ ಬದುಕಿದೆ, ಮೊಳದುದ್ದ ಆಗಿದೆ. ಮೊಗ್ಗು ಬಂದ ದಿನ ಕೀಳಲು ತಾವೇ ಬರುವುದಾಗಿ ಅತ್ತೆ ಆಗಲೇ ಹೇಳಿಟ್ಟಿದ್ದಾರೆ. ಉಪ್ಪಿನ ಅಳತೆ ಮಾತ್ರ ನನಗೆ ಬಿಡುವುದಿಲ್ಲವಂತೆ.